ಮಂಗಳಕ್ಕೆ ಮುಂಚೆ

ನಮ್ಮ ಕಡೆಯ ಆ ಹೆಸರಾಂತ ಸಭಾಂಗಣದ ವರಾಂಡದಲ್ಲಿ ಒಂದು ದೊಡ್ಡ ಮರದ ಬೋರ್ಡ್ ಇದೆ. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ. ‘ಈ ಸಭಾಂಗಣದಲ್ಲಿ ಮೊದಲ ಬಾರಿಗೆ ಹಾಡಿದ ಕೃತಿಗಳು’ ಎಂದು ಮೇಲೆ, ಅದರ ಕೆಳಗೆ ಒಂದೊಂದು ಸಾಲಿಗೆ ಒಂದೊಂದು ಹಾಡು, ರಾಗ, ಕಟ್ಟಿದವರ ಹೆಸರು. ಕಚೇರಿಗೆ ಬಂದವರು ಕ್ಯಾಂಟೀನಿನ ಕಾಫಿ ಹಿಡಿದುಕೊಂಡು ಆ ಬೋರ್ಡಿಗೆ ಬೆನ್ನು ಕೊಟ್ಟು ನಿಂತು ಮೊಣಕಾಲು ನೋವಿನ ವಿಚಾರ ಮಾತಾಡುತ್ತಾರೆ. ಅದನ್ನು ನಿಜವಾಗಿ ಓದುತ್ತಿದ್ದವರು ನನಗೆ ಗೊತ್ತಿದ್ದ ಮಟ್ಟಿಗೆ ಒಬ್ಬರೇ, ನನಗೆ ಸಂಗೀತ ಹೇಳಿಕೊಟ್ಟ ಮಿಸ್. ಈಗ ನಾನೂ ಓದುತ್ತೇನೆ, ಹೊಟ್ಟೆ ಉರಿಸಿಕೊಳ್ಳುವುದಕ್ಕೆ.

ಮಿಸ್ ಎಂದರೆ ರಾಜಾಜಿನಗರದ ನಮ್ಮ ಬ್ಲಾಕಿನಲ್ಲಿ ಆಗ ಒಬ್ಬರೇ. ಶಾಲೆಯ ಟೀಚರುಗಳೆಲ್ಲ ಟೀಚರುಗಳು, ಮಿಸ್ ಮಾತ್ರ ಪಾಠದ ಮಿಸ್. ಮದುವೆಯಾಗಲಿಲ್ಲ. ಟೆಲಿಫೋನ್ ಆಫೀಸಿನಲ್ಲಿ ಕೆಲಸಕ್ಕಿದ್ದ ತಂಗಿಯ ಜೊತೆ ಒಂದು ಪುಟ್ಟ ಮನೆ, ಅದರ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಪಾಠ. ಬೆಳಿಗ್ಗೆ ಶಾಲೆಗೆ ಮುಂಚೆ ಒಂದು ತಂಡ, ಸಂಜೆ ಎರಡು. ಬಸವೇಶ್ವರನಗರ, ವಿಜಯನಗರ, ಕಾಮಾಕ್ಷಿಪಾಳ್ಯ, ಎಲ್ಲ ಕಡೆಯಿಂದಲೂ ಅಮ್ಮಂದಿರು ಮಕ್ಕಳ ಕೈ ಹಿಡಿದುಕೊಂಡು ಬರುತ್ತಿದ್ದರು. ಅಷ್ಟು ಜನಕ್ಕೆ ಸರಳೆ ವರಸೆ ಹೇಳಿಕೊಟ್ಟ ಹೆಂಗಸು ತಾನು ಮಾತ್ರ ಯಾವತ್ತೂ ವೇದಿಕೆ ಹತ್ತಲಿಲ್ಲ. ಕೇಳಿದರೆ, “ನನ್ನ ಗಂಟಲು ಈ ರೂಮಿಗೆ ಸರಿಯಾಗಿದೆ ಕಣೇ, ಹಾಲ್‌ಗೆ ಸಾಕಾಗಲ್ಲ” ಅನ್ನುತ್ತಿದ್ದರು. ಹಾಗಂತ ಹಾಲ್ ತಪ್ಪಿಸುತ್ತಿರಲಿಲ್ಲ. ಸಂಗೀತೋತ್ಸವ ಶುರುವಾಯಿತೆಂದರೆ ಮುಂದಿನ ಸಾಲಿನ ತುದಿಯ ಕುರ್ಚಿ ಅವರದು. ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ, ಮೊದಲ ವರ್ಣದಿಂದ ಕೊನೆಯ ಮಂಗಳದವರೆಗೆ ಅಲ್ಲಾಡದೆ ಕೂತಿರುತ್ತಿದ್ದರು. ತನಿ ಆವರ್ತನ ಶುರುವಾದೊಡನೆ ಮೃದಂಗದವನ ಮುಖಕ್ಕೆ ಬೆನ್ನು ಹಾಕಿ ಬೋಂಡಾ ತಿನ್ನಲು ಎದ್ದು ಹೋಗುವ ನಮ್ಮ ರಸಿಕರ ಮಧ್ಯೆ ಅವರೊಬ್ಬರೇ ಕೂತಿರುತ್ತಿದ್ದದ್ದೂ ಉಂಟು.

ಅವರ ಪಾಠದಲ್ಲಿ ಕಟ್ಟುನಿಟ್ಟು ಬಹಳ ಇರಲಿಲ್ಲ. ತಡವಾಗಿ ಬಂದರೆ ಬೈಯುತ್ತಿರಲಿಲ್ಲ, ಅಭ್ಯಾಸ ಮಾಡದಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು ಅಷ್ಟೆ. ಒಂದು ವಿಷಯದಲ್ಲಿ ಮಾತ್ರ ಅವರ ಹತ್ತಿರ ಮಾತಾಡುವ ಹಾಗಿರಲಿಲ್ಲ. ದಿನದ ಪಾಠ ಮುಗಿದ ಮೇಲೆ ಎಲ್ಲರೂ ಸೇರಿ ಮಂಗಳ ಹಾಡಬೇಕು, ಆಮೇಲೆ ಗೇಟು ದಾಟುವವರೆಗೆ ಯಾರ ಬಾಯಿಂದಲೂ ಒಂದು ಸ್ವರ ಹೊರಡಬಾರದು. ಕಚೇರಿಯಲ್ಲೂ ಅಷ್ಟೇ ತಾನೇ, ಮಂಗಳ ಹಾಡಿದರೆ ಕಚೇರಿ ಮುಗಿಯಿತು, ಇಂದ್ರ ಬಂದು ಕೇಳಿದರೂ ಇನ್ನೊಂದು ಹಾಡಿಲ್ಲ. ಒಮ್ಮೆ ನಾನು ಚಪ್ಪಲಿ ಹಾಕಿಕೊಳ್ಳುತ್ತಾ ಯಾವುದೋ ಸಿನಿಮಾ ಹಾಡು ಗುನುಗಿದ್ದಕ್ಕೆ ವಾಪಸ್ಸು ಒಳಗೆ ಕರೆದು, ಮುಂದಿನ ತಂಡದ ಪಾಠ ಮುಗಿಯುವವರೆಗೆ ಮೂಲೆಯಲ್ಲಿ ಕೂರಿಸಿದ್ದರು.

“ಊಟ ಆದ್ಮೇಲೆ ಎಲೆ ಮಡಚ್ತೀಯೋ ಇಲ್ವೋ?” ಅಂದರು.

“ಮಡಚ್ತೀನಿ ಮಿಸ್.”

“ಮಡಚಿದ ಎಲೇಲಿ ಮತ್ತೆ ಅನ್ನ ಹಾಕ್ತಾರಾ? ಮಂಗಳ ಆದ್ಮೇಲೆ ಹಾಡೋದೂ ಹಾಗೇ ಕಣೇ. ಅಸಹ್ಯ.”

ನನಗೆ ಈಗ ತಲೆ ನೆರೆತಿದೆ. ಬ್ಯಾಡರಹಳ್ಳಿಯ ಹೊಸ ಲೇಔಟಿನಲ್ಲಿ ನಾನೇ ಪಾಠ ಹೇಳುತ್ತೇನೆ. ಟಿವಿ ಸ್ಪರ್ಧೆಗೆ ಬೇಗ ರೆಡಿ ಮಾಡಿ ಆಂಟಿ ಎಂದು ಬರುವ ಮಕ್ಕಳ ಅಪ್ಪ ಅಮ್ಮಂದಿರ ಜೊತೆ ಜಗಳ ಆಡುವುದೇ ಅಲ್ಲಿ ಅರ್ಧ ಕೆಲಸ. ಆದರೂ ಇವತ್ತಿಗೂ ಮಂಗಳ ಹಾಡಿದ ಮೇಲೆ ಬಸ್ ಸ್ಟಾಪಿನವರೆಗೆ ಗುನುಗುವುದಕ್ಕೆ ನನ್ನ ನಾಲಿಗೆ ಏಳುವುದಿಲ್ಲ.

ಮಿಸ್ ಹಾಡು ಕಟ್ಟುತ್ತಾರೆ ಎನ್ನುವುದು ನನಗೆ ಬಹಳ ಕಾಲ ಗೊತ್ತೇ ಇರಲಿಲ್ಲ. ಅವರಿಗೆ ವಯಸ್ಸು ಎಪ್ಪತ್ತು ದಾಟಿದ ಮೇಲೆ, ಪಾಠದ ಮಕ್ಕಳು ಕಡಿಮೆಯಾದ ಮೇಲೆ, ಒಂದು ದಿನ ನಾನು ಹೋದಾಗ ತಂಗಿ ಬಾಗಿಲಲ್ಲೇ ಹಿಡಿದುಕೊಂಡರು.

“ನಿಮ್ಮ ಮಿಸ್‌ಗೆ ಸ್ವಲ್ಪ ಬುದ್ಧಿ ಹೇಳಮ್ಮ. ಬೆಳಿಗ್ಗೆ ಎದ್ದು ಕಾವೇರಿ ನೀರು ಹಿಡಿಯೋಕೆ ನಿಲ್ಲಿಸಿದ್ರೆ ನಲ್ಲಿ ಮುಂದೆ ಹಾಡ್ತಾ ನಿಂತಿರ್ತಾಳೆ. ಬಿಂದಿಗೆ ತುಂಬಿ ಹರಿದು ಬಚ್ಚಲೆಲ್ಲ ನೀರು.”

ಮಿಸ್ ನಾಚಿಕೊಂಡರು. ಅವರು ನಾಚಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಬಾಗಿಲು ಹಾಕಿ ಹಾಡಿ ತೋರಿಸಿದರು. ಮುಖಾರಿ ರಾಗ, ಆದಿ ತಾಳ, ತುಂಬಾ ನಿಧಾನದ ಹಾಡು. ದೇವಿಯನ್ನು ಕುರಿತದ್ದು. ‘ಬಾರದಿದ್ದರೂ ಸರಿಯೆ ತಾಯೇ, ಬಾಗಿಲ ತೆರೆದಿಹೆನು’ ಎಂದು ಪಲ್ಲವಿ. ಬಾ ಎಂದು ಗೋಗರೆಯುವ ಹಾಡು ಬೇಕಾದಷ್ಟಿವೆ, ಬರದಿದ್ದರೂ ಬಾಗಿಲು ಹಾಕುವುದಿಲ್ಲ ಎನ್ನುವ ಹಾಡು ನಾನು ಕೇಳಿರಲಿಲ್ಲ. ಚರಣದ ಎರಡನೆಯ ಸಾಲು ಮುಗಿದು ಮೂರನೆಯದಕ್ಕೆ ಹೋಗುವಲ್ಲಿ ಒಂದು ಇಳಿಜಾರು ಇತ್ತು. ಅಲ್ಲಿ ಮಿಸ್ ತಲೆ ತಾನಾಗಿಯೇ ಒಂದು ಕಡೆ ವಾಲುತ್ತಿತ್ತು. ನನಗೆ ಕಣ್ಣಲ್ಲಿ ನೀರು ಬಂತು.

“ಅಂಕಿತ ಹಾಕಿಲ್ವಲ್ಲ ಮಿಸ್?” ಅಂದೆ. ದೊಡ್ಡ ದೊಡ್ಡ ರಚನಕಾರರೆಲ್ಲ ಹಾಡಿನ ಕೊನೆಯಲ್ಲಿ ತಮ್ಮ ಗುರುತಿನ ಹೆಸರು ಸೇರಿಸುತ್ತಾರಲ್ಲ, ಅದು.

“ಅಂಕಿತ ಹಾಕೋಷ್ಟು ದೊಡ್ಡೋಳಾ ನಾನು? ಸುಮ್ನಿರು.”

ಆ ಹಾಡನ್ನು ನನಗೆ ಹೇಳಿಕೊಟ್ಟರು. ಒಂದು ಷರತ್ತು ಹಾಕಿದರು. ಮೊದಲು ಅದನ್ನು ಆ ಸಭಾಂಗಣದಲ್ಲಿ ಹಾಡಬೇಕು, ಬೇರೆಲ್ಲೂ ಅಲ್ಲ. ಅಲ್ಲಿ ಮೊದಲು ಹಾಡಿದ ಹಾಡುಗಳನ್ನು ಬೇರೆ ಹಾಡುಗಾರರು ಎತ್ತಿಕೊಂಡು ಊರೂರಿಗೆ ಒಯ್ದದ್ದನ್ನು ಅವರು ಒಂದು ಆಯುಷ್ಯವಿಡೀ ನೋಡಿದ್ದರು. ಆದರೆ ಅವರಿಗೆ ಬೇಕಾಗಿದ್ದದ್ದು ಅದೂ ಅಲ್ಲ.

“ಇಷ್ಟು ವರ್ಷ ಆ ಕುರ್ಚೀಲಿ ಕೂತು ಬೇರೆಯವರ ಹಾಡು ಕೇಳಿದ್ದೀನಿ. ಒಂದು ಸಲ, ಒಂದೇ ಒಂದು ಸಲ, ಅಲ್ಲೇ ಕೂತು ನನ್ನದು ಕೇಳ್ಬೇಕು ಕಣೇ. ಆಮೇಲೆ ನೀನು ಗಣೇಶನ ಪೆಂಡಾಲಲ್ಲಿ ಬೇಕಾದ್ರೂ ಹಾಡ್ಕೋ.”

“ಮನೇಲಿ ನಾನು ಹಾಡೋದು ಕೇಳ್ತಿದೀರಲ್ಲ ಮಿಸ್.”

“ಇಲ್ಲಿ ಇದು ನಲ್ಲಿ ಹಾಡು.”

ಅದೇ ವರ್ಷ ಅವರ ಕಿವಿ ಕೈಕೊಡಲು ಶುರುವಾಯಿತು. ಮೊದಲು ಕುಕ್ಕರ್ ಕೂಗಿದ್ದು ಕೇಳಿಸಲಿಲ್ಲ, ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಆಮೇಲೆ ಒಂದು ಸಂಜೆ ತಂಬೂರಿ ಶ್ರುತಿ ಮಾಡುತ್ತಾ ಕೂತವರು ಬಿರಡೆ ತಿರುಗಿಸುತ್ತಲೇ ಇದ್ದರು, ತಿರುಗಿಸುತ್ತಲೇ ಇದ್ದರು. ಶ್ರುತಿ ಸೇರಿ ಆಗಲೇ ಎಷ್ಟೋ ಹೊತ್ತಾಗಿತ್ತು, ಅವರೇ ಅದನ್ನು ಮತ್ತೆ ಕೆಡಿಸುತ್ತಿದ್ದರು. ನಾನು ಕೈ ಹಿಡಿದು ನಿಲ್ಲಿಸಿದೆ. ಅವರು ನನ್ನ ಮುಖ ನೋಡಿದ ರೀತಿ ಇನ್ನೂ ಮರೆತಿಲ್ಲ. ಬಸವೇಶ್ವರನಗರದ ಡಾಕ್ಟರು ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಹೋಗುತ್ತಿದೆ, ನರದ ತೊಂದರೆ, ಆಪರೇಷನ್‌ನಿಂದ ಪ್ರಯೋಜನ ಇಲ್ಲ ಎಂದರು. ಎಷ್ಟು ದಿನ ಎಂದು ಕೇಳಿದ್ದಕ್ಕೆ ಹೇಳಕ್ಕಾಗಲ್ಲಮ್ಮ ಅಂದರು. ಕಿವಿಗೆ ಹಾಕಿಕೊಳ್ಳುವ ಮೆಷಿನ್ ಬಂತು. ಅದರಲ್ಲಿ ತಂಗಿಯ ಬೈಗುಳ ಸ್ಪಷ್ಟವಾಗಿ ಕೇಳಿಸುತ್ತಿತ್ತು, ಹಾಡು ಮಾತ್ರ ತಗಡು ಬಡಿದ ಹಾಗೆ ಆಗುತ್ತಿತ್ತು. ಸಂಗೀತ ಕೇಳುವಾಗ ಅದನ್ನು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು, ಉಳಿದ ಬಲಗಿವಿಯನ್ನು ಮುಂದೆ ಮಾಡಿ ಕೂರುತ್ತಿದ್ದರು.

ಹೀಗಾಗಿ ನನಗೆ ಅವಸರ ಹತ್ತಿತು. ಸಭಾಂಗಣದ ಕಾರ್ಯದರ್ಶಿಯ ಹಿಂದೆ ಬಿದ್ದೆ. ಇಸ್ತ್ರಿ ಕೆಡದ ಬಿಳಿ ಅಂಗಿಯ, ಯಾವಾಗಲೂ ನಗುವ, ಯಾವುದಕ್ಕೂ ಹೂಂ ಎನ್ನದ ಮನುಷ್ಯ. ಕಚೇರಿಯ ಹೊತ್ತು ಮುಗಿದಾಗ ವೇದಿಕೆಯ ಪಕ್ಕದಲ್ಲಿ ನಿಂತು ಹಿತ್ತಾಳೆ ಗಂಟೆ ಹೊಡೆಯುವುದು ಅವರ ಅತ್ಯಂತ ಪ್ರೀತಿಯ ಕೆಲಸ. ಗಂಟೆ ಆದ ಮೇಲೆ ಎಂಥ ವಿದ್ವಾಂಸರಾದರೂ ಮಂಗಳ ಹಾಡಿ ಏಳಲೇಬೇಕು. ಅದಕ್ಕೇ ಆ ಹಾಲ್‌ನಲ್ಲಿ ಕಚೇರಿಗಳು ಹೊತ್ತಿಗೆ ಸರಿಯಾಗಿ ಮುಗಿಯುತ್ತವೆ ಎಂದು ಊರಲ್ಲೆಲ್ಲ ಹೆಸರು. ಕೊನೆಗೂ ಅವರನ್ನು ಒಲಿಸಿದ್ದು ನನ್ನ ಗಾಯನವಲ್ಲ, ಹೊಸ ಹಾಡು.

“ಹೊಸ ಕೃತಿನಾ? ಒಳ್ಳೇದು ಮೇಡಂ, ಬೋರ್ಡಿಗೆ ಒಂದು ಸೇರುತ್ತೆ” ಎಂದು ಉತ್ಸವದಲ್ಲಿ ಒಂದು ಮಧ್ಯಾಹ್ನದ ಕಚೇರಿ ಕೊಟ್ಟರು. ಸಂಜೆಯ ದೊಡ್ಡವರ ಕಚೇರಿಗೆ ಮುಂಚೆ ಕುರ್ಚಿ ಬೆಚ್ಚಗೆ ಮಾಡುವ ಕಚೇರಿ ಅದು, ಇರಲಿ. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ಮಿಸ್ ಹೆಸರು, ಹಾಡಿನ ಹೆಸರು, ‘ಮೊದಲ ಪ್ರಸ್ತುತಿ’ ಎಂದು ಅಚ್ಚಾಗಿತ್ತು. ತಂಗಿ ಅದನ್ನು ಫ್ರಿಜ್ ಮೇಲೆ ಅಂಟಿಸಿದರು.

ಹಾಡನ್ನು ಎಲ್ಲಿಡುವುದು ಎಂಬುದರಲ್ಲಿ ನಮಗೆ ಜಗಳವಾಯಿತು. ವರ್ಣ ಮುಗಿದ ತಕ್ಷಣ ಹಾಡಿಬಿಡುತ್ತೇನೆ ಎಂದೆ. ಮಿಸ್ ಒಪ್ಪಲಿಲ್ಲ.

“ದೊಡ್ಡೋರ ಹಾಡುಗಳನ್ನ ಹಿಂದೆ ಇಟ್ಟು ನನ್ನದನ್ನ ಮುಂದೆ ಇಡ್ತೀಯಾ? ಅವರದ್ದೆಲ್ಲ ಆಗಲಿ. ಕೊನೇಲಿ, ಮಂಗಳಕ್ಕೆ ಮುಂಚೆ ಇಡು. ಅಲ್ಲಿ ನನ್ನಂಥವರಿಗೆ ಜಾಗ.”

“ಹೊತ್ತು ಸಾಲದೇ ಹೋದ್ರೆ?”

“ನೀನು ಸರಿಯಾಗಿ ಹಾಡಿದ್ರೆ ಯಾಕೆ ಸಾಲಲ್ಲ?”

ನಮ್ಮ ಪಾಠದಲ್ಲಿ ಬೆಳೆದವರು ಇಂಥ ಮಾತಿಗೆ ಎದುರಾಡುವುದಿಲ್ಲ. ದೊಡ್ಡವರ ಮುಂದೆ ಮುದುರಿ ಕೂರುವುದನ್ನೇ ಸಂಗೀತ ಎಂದು ಕಲಿತವರು ನಾವು. ಆ ವಿನಯಕ್ಕಿಷ್ಟು ಬೆಂಕಿ ಹಾಕ ಎಂದು ಈಗ ಅನ್ನಿಸುತ್ತದೆ. ಅವತ್ತು ಹೂಂ ಮಿಸ್ ಎಂದು ಬಂದೆ.

ಪಿಟೀಲಿಗೆ ನನ್ನ ಹಳೆಯ ಜೊತೆಗಾರ ಇದ್ದರು. ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯುವ ಕೆಲಸ ಅವರದು. ಇಡೀ ದಿನ ಲೇತ್ ಮೆಷಿನ್ ಸದ್ದಿನಲ್ಲಿ ಕೂತೂ ಶ್ರುತಿ ಕೆಡದ ಮನುಷ್ಯ. ಕಚೇರಿ ಚೆನ್ನಾಗಿಯೇ ಸಾಗಿತ್ತು. ಮುಂದಿನ ಸಾಲಿನ ತುದಿಯಲ್ಲಿ ಮಿಸ್ ಹೊಸ ಮೈಸೂರು ರೇಷ್ಮೆ ಉಟ್ಟು, ಪಕ್ಕದಲ್ಲಿ ತಂಗಿಯನ್ನು ಕೂರಿಸಿಕೊಂಡು, ಬಲಗಿವಿಯನ್ನು ವೇದಿಕೆಗೆ ಕೊಟ್ಟು ಕೂತಿದ್ದರು. ದೊಡ್ಡ ಹಾಡು, ತನಿ ಎಲ್ಲ ಮುಗಿಯಿತು. ಇನ್ನು ಅವರದು ಎಂದು ನಾನು ಒಂದು ಗುಟುಕು ನೀರು ಕುಡಿದೆ. ಅಷ್ಟರಲ್ಲಿ ಕಾರ್ಯದರ್ಶಿ ಮೈಕ್ ಹಿಡಿದುಕೊಂಡು ವೇದಿಕೆಗೆ ಬಂದರು. ಸಂಜೆಯ ಕಾರ್ಯಕ್ರಮಕ್ಕೆ ಬರಬೇಕಾಗಿದ್ದ ಮುಖ್ಯ ಅತಿಥಿ ಬೇರೆ ಸಮಾರಂಭ ಇರುವುದರಿಂದ ಈಗಲೇ ಬಂದುಬಿಟ್ಟಿದ್ದಾರಂತೆ, ಎರಡು ನಿಮಿಷ ಅಂತೆ.

ಎರಡು ನಿಮಿಷ! ಶಾಲು ಬಂತು, ಹಾರ ಬಂತು, ಹಣ್ಣಿನ ಬುಟ್ಟಿ ಬಂತು, ಫೋಟೊದವನಿಗೆ ಹಾರ ಸರಿಯಾಗಿ ಬೀಳಲಿಲ್ಲ ಎಂದು ಮತ್ತೊಮ್ಮೆ ಹಾಕಿದರು. ಅತಿಥಿಗಳು ತಮ್ಮ ತಾತನ ಕಾಲದಿಂದ ತಮ್ಮ ಮನೆಯಲ್ಲಿ ಸಂಗೀತಕ್ಕಿದ್ದ ಗೌರವವನ್ನು ವಿವರಿಸಿದರು. ನಾನು ತಂಬೂರಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಗೊಂಬೆಯ ಹಾಗೆ ನಗುತ್ತಿದ್ದೆ. ಅವರು ಇಳಿದು ಹೋದರು. ನಾನು ಕಣ್ಣು ಮುಚ್ಚಿ ಮುಖಾರಿಯ ಷಡ್ಜಕ್ಕೆ ಉಸಿರು ಎಳೆದುಕೊಂಡೆ. ಬಾಯಿ ತೆರೆದೆ. ಗಂಟೆ ಹೊಡೆಯಿತು.

ಗಂಟೆ ಹೊಡೆದದ್ದಕ್ಕಿಂತ ಆಮೇಲೆ ಆದದ್ದು ದೊಡ್ಡದು. ಗಂಟೆಗೆ ಒಂದೇ ಅರ್ಥ ಎಂದು ಎಷ್ಟೋ ವರ್ಷಗಳಿಂದ ಕಲಿತ ಪಿಟೀಲಿನವರ ಕೈ, ಅವರನ್ನೂ ಕೇಳದೆ, ಮಂಗಳದ ಸೌರಾಷ್ಟ್ರ ರಾಗವನ್ನು ಎಳೆದುಬಿಟ್ಟಿತು. ಮೃದಂಗ ಅದರ ಹಿಂದೆಯೇ ಹೋಯಿತು. ಸಭೆಯಲ್ಲಿ ಬ್ಯಾಗುಗಳು ಹೆಗಲಿಗೇರಿದವು, ಜನ ಎದ್ದರು. ಕೈಯೆತ್ತಿ ಪಿಟೀಲು ನಿಲ್ಲಿಸಲು ಹೊರಟವಳು ಮಿಸ್ ಕಡೆ ನೋಡಿದೆ. ಮಂಗಳ ಅವರಿಗೆ ಕೇಳಿಸಿತ್ತು. ಅವರು ಅಂಗೈ ಎತ್ತಿ ನನ್ನ ಕಡೆ ಚಾಚಿದರು. ಬೇಡ. ಎಲೆ ಮಡಚಿ ಆಯಿತು.

ಮಂಗಳ ಹಾಡಿದೆ. ಅಷ್ಟು ಕೆಟ್ಟದಾಗಿ ನನ್ನ ಜನ್ಮದಲ್ಲಿ ಹಾಡಿರಲಿಲ್ಲ.

ಒಳಗೆ ಹೋಗಿ ಪಿಟೀಲಿನವರಿಗೆ ಬಾಯಿಗೆ ಬಂದ ಹಾಗೆ ಬೈದೆ. ಪಾಪ, ಆ ಮನುಷ್ಯ ಬಿಲ್ಲನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು, ಬೆವರಿ ನೀರಾಗಿದ್ದರು. “ಬೆಲ್ ಆಯ್ತಲ್ಲಮ್ಮ... ಕೈ ತಾನಾಗೇ ಹೋಯ್ತು... ಕೈ ತಾನಾಗೇ...” ಎಂದು ಅಷ್ಟನ್ನೇ ಹೇಳುತ್ತಿದ್ದರು. ಕಾರ್ಯದರ್ಶಿ ಬಾಗಿಲಲ್ಲಿ ತಲೆ ಹಾಕಿ, “ತುಂಬಾ ಚೆನ್ನಾಗಿತ್ತು ಮೇಡಂ, ಆ ಹೊಸ ಹಾಡು ಬೊಂಬಾಟ್” ಎಂದು ಹೇಳಿ ಹೋದರು. ಅದು ಹಾಡಿಯೇ ಇಲ್ಲ ಎಂದು ಅವರಿಗೆ ಗೊತ್ತಾಗಿರಲಿಲ್ಲ.

ಆಟೋದಲ್ಲಿ ಮಿಸ್ ಸೆರಗಿನ ಗಂಟು ಬಿಚ್ಚಿ ಮೆಷಿನ್ ಹಾಕಿಕೊಂಡರು. ಮಾಗಡಿ ರಸ್ತೆಯ ಸಿಗ್ನಲಿನಲ್ಲಿ ನಿಂತಾಗ ನನ್ನ ಕೈ ತಟ್ಟಿದರು.

“ಪಿಟೀಲಿನವರ ಮೇಲೆ ಕೂಗಾಡಿದ್ಯಂತೆ. ಯಾಕೆ? ಕೊನೇಲಿ ಇಡು ಅಂದೋಳು ನಾನಲ್ವಾ? ಮುಂದಿನ ಸಲ ಆಗುತ್ತೆ ಬಿಡು.”

“ಮುಂದಿನ ಸಲ ಅಂದ್ರೆ ನಿನ್ನ ಕಿವಿ...” ಎಂದು ತಂಗಿ ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿ ಹೊರಗೆ ನೋಡಿದರು.

ಉತ್ಸವ ಮುಗಿದ ಕೆಲವು ವಾರಕ್ಕೆ ಏನೋ ಕೆಲಸಕ್ಕೆ ಆ ಕಡೆ ಹೋದವಳು ವರಾಂಡದಲ್ಲಿ ಬೋರ್ಡಿನ ಮುಂದೆ ನಿಂತುಬಿಟ್ಟೆ. ಕೊನೆಯ ಸಾಲು ಹೊಸದು, ಬಣ್ಣ ಇನ್ನೂ ಮಿರಮಿರ ಅನ್ನುತ್ತಿತ್ತು. ಮಿಸ್ ಹಾಡು, ಮುಖಾರಿ, ಮಿಸ್ ಹೆಸರು. ಬಣ್ಣದವನು ಆಹ್ವಾನ ಪತ್ರಿಕೆ ನೋಡಿ ಬರೆದು ಹೋಗಿದ್ದ. ನನಗೆ ಪಿತ್ತ ನೆತ್ತಿಗೇರಿತು. ಕಾರ್ಯದರ್ಶಿಯ ಕೋಣೆಗೆ ನುಗ್ಗಿದೆ.

“ಸಾರ್, ಆ ಹಾಡು ನಾನು ಹಾಡ್ಲೇ ಇಲ್ಲ. ಒಂದು ಕಚೇರಿ ಕೊಡಿ, ಹಾಡ್ತೀನಿ. ಇಲ್ಲಾಂದ್ರೆ ಅದನ್ನ ಅಳಿಸಿ.”

“ಅಳಿಸೋದಾ? ಬರೆದಾಯ್ತಲ್ಲ ಮೇಡಂ. ನಿಮ್ಮ ಟೀಚರ್ ಹೆಸರು ಬಂದಿದೆ, ಖುಷಿಪಡಿ.”

“ಹಾಡದೇ ಇರೋ ಹಾಡು ಸಾರ್ ಅದು.”

“ನೋಡಿ, ಮೊದಲ ಪ್ರಸ್ತುತಿ ಅಂತ ಒಂದೇ ಹಾಡನ್ನ ಎರಡು ಸಲ ಹಾಕೋಕಾಗುತ್ತಾ? ಬೇರೆ ಹೊಸದು ಇದ್ರೆ ತನ್ನಿ, ಖಂಡಿತ ನೋಡೋಣ.”

ಹೊರಗೆ ಬಂದರೆ ಪರಿಚಯದವರೊಬ್ಬರು ಕೈ ಕುಲುಕಿ, ಬೋರ್ಡಿನಲ್ಲಿ ನೋಡಿದೆ, ನಿಮ್ಮ ಗುರುಗಳಿಗೆ ಕೊನೆಗೂ ಸಲ್ಲಬೇಕಾದ್ದು ಸಂದಿತು ಅಂದರು.

ಮಿಸ್‌ಗೆ ಹೇಳದೇ ಇರಬೇಕೆಂದಿದ್ದೆ, ತಂಗಿಯ ಬಾಯಿ ನಿಲ್ಲಲಿಲ್ಲ. ನೋಡಲೇಬೇಕು ಎಂದು ಹಟ ಹಿಡಿದರು. ಕರೆದುಕೊಂಡು ಹೋದೆ. ಕನ್ನಡಕ ಒರೆಸಿಕೊಂಡು ಮೇಲಿನ ಸಾಲಿನಿಂದ ಶುರು ಮಾಡಿ ಒಂದೊಂದೇ ಓದುತ್ತಾ ಬಂದರು. ತಮ್ಮದಕ್ಕೆ ಬಂದಾಗಲೂ ಅಷ್ಟೇ ಹೊತ್ತು ನಿಂತರು. “ಅಕ್ಷರ ದುಂಡಗಿದೆ” ಅಂದರು. ಮತ್ತೆ ಮೇಲಿನ ಸಾಲುಗಳ ಕಡೆ ಕಣ್ಣೆತ್ತಿ, “ಇವುಗಳಲ್ಲಿ ಇನ್ನೆಷ್ಟು ಹೀಗೇ ಇವೆಯೋ ಏನೋ” ಅಂದರು. ನನಗೆ ಅವತ್ತು ಆ ಬೋರ್ಡಿನ ಮೇಲಿದ್ದ ಗೌರವವೆಲ್ಲ ಹೋಯಿತು.

ಬಲಗಿವಿ ಒಂದು ವರ್ಷ ಎಳೆಯಿತು. ಅಷ್ಟು ದಿನವೂ ನಾನು ಬೇರೆ ಬೇರೆ ಕಡೆ ಹಾಡೋಣ ಎಂದು ಕೇಳುತ್ತಲೇ ಇದ್ದೆ. ಕೆಂಗೇರಿಯ ಒಂದು ದೇವಸ್ಥಾನದವರು ಕರೆದಿದ್ದರು, ಒಳ್ಳೆಯ ಮೈಕು, ಶಾಂತವಾದ ಜಾಗ. ಬೇಡ ಎಂದರೆ ಬೇಡ. ಆ ಕುರ್ಚಿ, ಆ ಹಾಲ್. ಎಂಥ ಹಟ ಎಂದು ನನಗೆ ಸಿಟ್ಟೂ ಬರುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಹೋದಾಗ ಮಿಸ್ ನಲ್ಲಿಯ ಮುಂದೆ ನಿಂತಿದ್ದರು. ಬಿಂದಿಗೆ ತುಂಬಿ ಹರಿಯುತ್ತಿತ್ತು. ಈ ಸಲ ಅವರು ಹಾಡುತ್ತಿರಲಿಲ್ಲ. ನೀರು ತುಂಬಿದ ಸದ್ದು ಅವರಿಗೆ ಗೊತ್ತಾಗಿರಲಿಲ್ಲ, ಅಷ್ಟೇ.

ಆಮೇಲಿನ ಮಾತೆಲ್ಲ ಕೈಸನ್ನೆಯಲ್ಲಿ, ಇಲ್ಲವೇ ತಂಗಿ ಮೊಬೈಲಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ತೋರಿಸುವುದರಲ್ಲಿ. ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನೂ ಮಿಸ್ ಬೇಗ ಕಲಿತರು. “ಈಗ ಬೈದ್ರೂ ಸುಖ ಇಲ್ಲ ಕಣಮ್ಮ, ಮುಖ ತಿರುಗಿಸ್ಕೊಂಡ್ರೆ ಆಯ್ತು ಅವಳಿಗೆ” ಎಂದು ತಂಗಿ ನಗುತ್ತಿದ್ದರು. ನಗುತ್ತಾ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರುತ್ತಿರಲಿಲ್ಲ. ಪಾಠ ನಿಂತಿತು. ಚಾಪೆಗಳನ್ನು ಸುತ್ತಿ ಅಟ್ಟಕ್ಕೆ ಹಾಕಿದರು.

ಕಳೆದ ಉತ್ಸವದಲ್ಲಿ ಒಂದು ಮಧ್ಯಾಹ್ನ ಹಾಡಬೇಕಿದ್ದವರಿಗೆ ಗಂಟಲು ಕಟ್ಟಿತಂತೆ. ಕಾರ್ಯದರ್ಶಿ ನನಗೆ ಫೋನ್ ಮಾಡಿ, ಭಾನುವಾರ ಬಂದು ಹಾಡ್ತೀರಾ ಎಂದರು. ಫೋನ್ ಇಟ್ಟು ನಾನು ಅಡುಗೆಮನೆಯಲ್ಲೇ ಕೂತುಬಿಟ್ಟೆ. ಈಗ ಸಿಕ್ಕಿತು. ಈಗ ಸಿಕ್ಕಿ ಏನಾಗಬೇಕು? ಆದರೂ ಹೇಳದೇ ಇರಲು ಮನಸ್ಸು ಬರಲಿಲ್ಲ. ತಂಗಿ ಮೊಬೈಲಿನಲ್ಲಿ ಬರೆದು ತೋರಿಸಿದರು. ಮಿಸ್ ಓದಿ, ಎದ್ದು ಹೋಗಿ ಬೀರುವಿನಿಂದ ಆ ರೇಷ್ಮೆ ಸೀರೆ ತೆಗೆದರು.

“ಕೇಳ್ಸದಿದ್ರೇನು” ಅಂದರು, ಈಗ ಅವರ ದನಿ ಎತ್ತರವಾಗಿತ್ತು, ಕೋಣೆಗೆ ಹೆಚ್ಚಾಗುವಷ್ಟು. “ಹಾಡು ನನಗೆ ಗೊತ್ತಲ್ಲ. ನೀನು ಯಾವಾಗ ಶುರು ಮಾಡ್ತೀಯ ಅಂತ ಸನ್ನೆ ಮಾಡು, ಸಾಕು. ಜೊತೇಲಿ ನಾನೂ ಬರ್ತೀನಿ.”

ಈ ಸಲವಾದರೂ ಮೊದಲೇ ಹಾಡಿಬಿಡುತ್ತೇನೆ ಎಂದು ಬರೆದು ತೋರಿಸಿದೆ. ತಲೆ ಆಡಿಸಿದರು. ಕೊನೇಲಿ. ಮಂಗಳಕ್ಕೆ ಮುಂಚೆ.

ನಾನು ಇಷ್ಟು ಮಾಡಿದೆ, ಉಳಿದ ಹಾಡುಗಳನ್ನೆಲ್ಲ ಕತ್ತರಿಸಿ ಅರ್ಧಕ್ಕೆ ಇಳಿಸಿದೆ. ಪಿಟೀಲಿನವರು ನಾನು ತಲೆ ಆಡಿಸುವವರೆಗೆ ಸಾವಿರ ಗಂಟೆ ಹೊಡೆದರೂ ಬಿಲ್ಲು ಎತ್ತುವುದಿಲ್ಲ ಎಂದು ತಮ್ಮ ತಾಯಿಯ ಮೇಲೆ ಆಣೆ ಹಾಕಿದರು. ಶಾಲು ಹೊದಿಸುವ ಕಾರ್ಯಕ್ರಮ ಇದೆಯೇ ಎಂದು ಕಾರ್ಯದರ್ಶಿಯನ್ನು ಮೊದಲೇ ಕೇಳಿಕೊಂಡೆ. ಇರಲಿಲ್ಲ. ಹೊತ್ತಿಗೆ ಮುಂಚೆಯೇ ಆ ಹಾಡಿಗೆ ಬಂದೆ. ಬೇಕಾದಷ್ಟು ಸಮಯ ಇತ್ತು ಎಂದೇ ಅಂದುಕೊಂಡಿದ್ದೆ.

ಮಿಸ್ ಕಡೆ ತಿರುಗಿ ಕೈ ಮುಗಿದೆ. ಅದೇ ನಮ್ಮ ಸನ್ನೆ. ಅವರ ಮುಖ ಅರಳಿತು. ಅವರೂ ಕೈ ಮುಗಿದರು, ಬೆನ್ನು ನೆಟ್ಟಗೆ ಮಾಡಿಕೊಂಡರು, ತೊಡೆಯ ಮೇಲೆ ಕೈ ಇಟ್ಟರು. ಆಮೇಲೆ ಜೀವಮಾನವಿಡೀ ಆ ಕುರ್ಚಿಯಲ್ಲಿ ಮಾಡಿದ್ದನ್ನೇ ಮಾಡಿದರು. ಕಣ್ಣು ಮುಚ್ಚಿಕೊಂಡರು.

ಕಣ್ಣು ಮುಚ್ಚಬೇಡಿ ಮಿಸ್ ಎಂದು ಕೂಗಿದರೆ ಯಾರಿಗೆ ಕೇಳಬೇಕು? ತಂಬೂರಿ ನುಡಿಯುತ್ತಿತ್ತು. ಎತ್ತಿಕೊಂಡೆ. ಮೊದಲ ಒಂದೆರಡು ಆವರ್ತ ನನ್ನ ತಟ್ಟೂ ಅವರ ತಟ್ಟೂ ಒಟ್ಟಿಗೇ ಬಿದ್ದವು. ತಟ್ಟು, ಬೆರಳೆಣಿಕೆ, ತಟ್ಟು, ಬೀಸು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಹಾಡು ನನಗೆ ತಿಳಿಯದೆ ಎಳೆ ಎಳೆಯಾಗಿ ವೇಗ ಹೆಚ್ಚಿಸಿಕೊಳ್ಳುತ್ತಿತ್ತು. ವೇದಿಕೆಯ ಮೇಲೆ ಹಾಗಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ಮೃದಂಗವೂ ಜೊತೆಗೇ ಬರುತ್ತದೆ. ಜೊತೆಗೆ ಬರುವುದು ಕೇಳಿಸದವರಿಗೆ ಮಾತ್ರ ಸಾಧ್ಯವಿಲ್ಲ. ಮಿಸ್ ಒಳಗೆ ಆ ಹಾಡು ಅವರು ಕಟ್ಟಿದ ನಿಧಾನದಲ್ಲೇ ನಡೆಯುತ್ತಿತ್ತು. ನಾನು ಅನುಪಲ್ಲವಿಯಲ್ಲಿದ್ದಾಗ ಅವರು ಇನ್ನೂ ಪಲ್ಲವಿಯ ಸಾಲನ್ನೇ ಒಂದೊಂದು ಸಂಗತಿಯಲ್ಲಿ ತಿರುಗಿ ತಿರುಗಿ ಹೇಳಿಕೊಳ್ಳುತ್ತಿದ್ದರು, ತುಟಿ ಅಲ್ಲಾಡುವುದು ಕಾಣುತ್ತಿತ್ತು. ನಿಧಾನ ಮಾಡಲು ನೋಡಿದೆ, ಮೃದಂಗದ ಕಡೆ ಕೈ ಮಾಡಿದೆ, ಆದರೆ ಆ ಹೊತ್ತಿಗೆ ನಾವು ಎಷ್ಟು ದೂರ ಬಂದಿದ್ದೆವೆಂದರೆ ಹಿಂದಕ್ಕೆ ಹೋಗಿ ಅವರ ಕೈ ಹಿಡಿಯುವ ಹಾಗಿರಲಿಲ್ಲ. ಅವರು ಬಿಡದೆ ಹಾಡುತ್ತಿದ್ದರು, ನಾನು ಬಿಡದೆ ಹಾಡುತ್ತಿದ್ದೆ, ಒಂದೇ ಹಾಡು.

ನನ್ನದು ಮುಗಿಯಿತು. ಚಪ್ಪಾಳೆ ಬಂತು, ಚೆನ್ನಾಗಿಯೇ ಬಂತು. ಮಿಸ್ ಕೈ ಮಾತ್ರ ನಿಲ್ಲಲಿಲ್ಲ. ತಟ್ಟು, ಬೆರಳೆಣಿಕೆ, ತಟ್ಟು, ಬೀಸು. ಪಕ್ಕದಲ್ಲಿದ್ದ ತಂಗಿ ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ಮಿಸ್‌ನ ಮುಟ್ಟಿ ಎಬ್ಬಿಸುವ ಧೈರ್ಯ ಅವರಿಗೂ ಬರಲಿಲ್ಲ.

ಗಂಟೆ ಹೊಡೆಯಿತು.

ಪಿಟೀಲಿನವರು ಬಿಲ್ಲನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಾ ಕೂತರು, ಆಣೆ ಉಳಿಸಿಕೊಂಡರು. ನಾನು ಕಾದೆ. ಮಿಸ್ ಈಗಷ್ಟೇ ಚರಣಕ್ಕೆ ಬಂದಿದ್ದರು. ಚಪ್ಪಾಳೆ ನಿಂತು ಹಾಲ್‌ನಲ್ಲಿ ಗುಸುಗುಸು ಎದ್ದಿತು, ಏನು, ಯಾಕೆ ಸುಮ್ಮನೆ ಕೂತಿದ್ದಾರೆ ಎಂದು. ಕಾರ್ಯದರ್ಶಿ ಪಕ್ಕದಿಂದ ಗಡಿಯಾರ ತೋರಿಸುತ್ತಿದ್ದರು, ಮತ್ತೊಮ್ಮೆ ಗಂಟೆ ಹೊಡೆದರು. ಅವರ ಹಿಂದೆ ಸಂಜೆಯ ಕಚೇರಿಯವರು ತಂಬೂರಿ ಎತ್ತಿಕೊಂಡು ಬಂದು ನಿಂತಿದ್ದರು. ಇನ್ನೂ ಸ್ವಲ್ಪ ಕಾದೆ. ಮೈಕಿನಲ್ಲಿ ಏನಾದರೂ ಹೇಳೋಣ ಎಂದುಕೊಂಡೆ, ಹೇಳುವುದು ಏನೆಂದು? ನಮ್ಮ ಮಿಸ್ ಇನ್ನೂ ಹಾಡುತ್ತಿದ್ದಾರೆ, ದಯವಿಟ್ಟು ಕೂತಿರಿ ಎಂದೇ?

ತಲೆ ಆಡಿಸಿದೆ. ಸೌರಾಷ್ಟ್ರ ಎದ್ದಿತು. ಜನ ಎದ್ದರು, ಬ್ಯಾಗು, ಕೊಡೆ, ಶಾಲು. ಯಾರದೋ ಚೀಲ ಮಿಸ್ ಮೊಣಕಾಲಿಗೆ ತಗುಲಿರಬೇಕು. ಅವರು ಕಣ್ಣು ತೆರೆದರು. ನಿಂತ ಜನರ ಸಂದಿಯಿಂದ ವೇದಿಕೆ ನೋಡಿದರು, ನನ್ನ ತುಟಿ ನೋಡಿದರು. ಮಂಗಳದ ಮಾತುಗಳನ್ನು ಅವರಿಗಿಂತ ಚೆನ್ನಾಗಿ ಯಾರು ಗುರುತಿಸಬೇಕು? ಕಿರುಬೆರಳು ತೊಡೆಯ ಮೇಲೆ ಹಾಗೇ ನಿಂತಿತು. ಆಮೇಲೆ ಅವರು ಆ ಕೈಯನ್ನು ಇನ್ನೊಂದು ಕೈಯೊಳಗೆ ಇಟ್ಟುಕೊಂಡು ಬಾಯಿ ಮುಚ್ಚಿದರು.

ಮನೆಯ ಗೇಟಿನ ಹತ್ತಿರ ಆಟೋ ಇಳಿದು ನಿಂತಾಗ ಮಿಸ್ ಹೇಳಿದರು, ಬೀದಿಗೆಲ್ಲ ಕೇಳಿಸುವ ಆ ಎತ್ತರದ ದನಿಯಲ್ಲಿ.

“ಚರಣದ ಎರಡನೇ ಸಾಲಲ್ಲಿದ್ದೆ ಕಣೇ. ಆ ಇಳಿಜಾರಿಗೆ ಬರೋದಿತ್ತು.”

ನನಗೆ ಅಳು ತಡೆಯಲಾಗಲಿಲ್ಲ. ಅವರ ಮುಖದ ಮುಂದೆ ನಿಂತು ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ಹೇಳಿದೆ, “ಈಗ ಮುಗಿಸಿಬಿಡಿ ಮಿಸ್. ಒಳಗೆ ಕೂತು, ಮನಸ್ಸಲ್ಲೇ. ನಿಧಾನಕ್ಕೆ.”

ಅವರು ನನ್ನನ್ನು, ಪಾಠದಲ್ಲಿ ತಪ್ಪು ಸ್ವರ ಹಾಡಿದ ಹುಡುಗಿಯನ್ನು ನೋಡುವ ಹಾಗೆ ನೋಡಿದರು.

“ಮಂಗಳ ಆಯ್ತಲ್ಲೇ” ಅಂದರು. ತಂಗಿ ಬಾಗಿಲು ತೆಗೆದರು, ಮಿಸ್ ಚಪ್ಪಲಿ ಬಿಟ್ಟು ಒಳಗೆ ಹೋದರು.